273 ಸಾಕೋ, 273.15 ಬೇಕೋ?

ಸೆಲ್ಸಿಯಸ್ ಉಷ್ಣತೆಯನ್ನು ಕೆಲ್ವಿನ್ ಎಂಬ ಇನ್ನೊಂದು ಅಳತೆಗೆ ಬದಲಿಸಲು 273 ಕೂಡಿಸಿದರೆ ಸಾಕೋ, 273.15 ಬೇಕೋ ಅಂತ ಕೇಳಿದ್ದೀರಿ. ಆ ಪಾಯಿಂಟ್ ಒಂದು ಐದಕ್ಕೆ ಯಾರೂ ಮುಳುಗಿದ್ದು ನಾನಂತೂ ನೋಡಿಲ್ಲ. ನಾನು ಮುಳುಗಿದ್ದು ಇಡೀ 273ರಲ್ಲೇ.

ಡಿಪ್ಲೊಮಾ ಮುಗಿಸಿ ರಾಯಚೂರು ಹತ್ತಿರದ ಒಂದು ಕಾರ್ಖಾನೆಗೆ ಇಂಟರ್‌ವ್ಯೂಗೆ ಹೋಗಿದ್ದೆ. ಮೇ ತಿಂಗಳು, ನಮ್ಮ ಕಡೆ ಬಿಸಿಲು ಗೊತ್ತಲ್ಲ, ಅಂಗಿ ಬೆನ್ನಿಗೆ ಅಂಟಿತ್ತು. ಹಿರಿಯ ಎಂಜಿನಿಯರ್ ಒಬ್ಬರು ಹಾಳೆ ಕೊಟ್ಟು, "2 ಕೆ.ಜಿ. ನೀರು, 30 ಡಿಗ್ರಿಯಿಂದ 80ಕ್ಕ ಕಾಸಬೇಕು. ಎಷ್ಟು ಶಾಖ ಬೇಕು? ಕೆಲ್ವಿನ್‌ನಾಗ ಮಾಡು ತಮ್ಮಾ" ಅಂದರು.

80ರಲ್ಲಿ 30 ಕಳೆದೆ, 50. ಅಲ್ಲಿಗೇ ಕೈ ನಿಲ್ಲಿಸಬೇಕಿತ್ತು. ಕೆಲ್ವಿನ್ ಅಂದಿದ್ದಾರಲ್ಲ ಅಂತ ಆ 50ಕ್ಕೆ 273 ಕೂಡಿಸಿ 323 ಮಾಡಿದೆ! ಒಂದು ಕೆ.ಜಿ. ನೀರನ್ನು ಒಂದು ಡಿಗ್ರಿ ಕಾಸಲು 4.2 ಕಿಲೋಜೂಲ್ ಶಾಖ ಬೇಕು, ಹಾಗಾಗಿ 2 × 4.2 × 323, ಸುಮಾರು 2713 ಕಿಲೋಜೂಲ್. ಸರಿ ಉತ್ತರ ಬರೀ 420.

ಅವರು ಹಾಳೆ ನೋಡಿ ನಕ್ಕರು. "ಇಷ್ಟು ಶಾಖ ಕೊಟ್ರ ನೀರು ಕುದ್ದು, ಹತ್ರಹತ್ರ ಅರ್ಧ ಆವಿಯಾಗಿ ಹೋಗ್ತದಲ್ಲೋ!" ಮನೆಗೆ ಬಂದು ಲೆಕ್ಕ ಹಾಕಿದೆ. 100 ಡಿಗ್ರಿ ಮುಟ್ಟಲು 588 ಕಿಲೋಜೂಲ್ ಸಾಕು. ಮಿಕ್ಕ 2125ರಲ್ಲಿ ಒಂದು ಕೆ.ಜಿ.ಗೆ ಸ್ವಲ್ಪ ಕಡಿಮೆ ನೀರು ಆವಿಯಾಗುತ್ತದೆ. ಅವರು ಬಾಯಲ್ಲೇ ಹೇಳಿದ್ದರು. ಕೆಲಸ ಸಿಗಲಿಲ್ಲ.

30 ಡಿಗ್ರಿ ಅಂದರೆ 303 ಕೆಲ್ವಿನ್, 80 ಅಂದರೆ 353. ಕಳೆಯಿರಿ: ಮತ್ತೆ ಅದೇ 50. ಎರಡೂ ಕಡೆ ಕೂಡಿಸಿದ 273 ಕಳೆಯುವಾಗ ಹೊಡೆದುಹೋಗುತ್ತದೆ. ಎರಡು ಅಳತೆಯಲ್ಲೂ ಒಂದೊಂದು ಮೆಟ್ಟಿಲಿನ ಎತ್ತರ ಒಂದೇ, ಎಣಿಕೆ ಶುರುವಾಗುವ ಜಾಗ ಮಾತ್ರ ಬೇರೆ. ಸೆಲ್ಸಿಯಸ್ಸಿನ ಸೊನ್ನೆ ನೀರು ಹೆಪ್ಪುಗಟ್ಟುವಲ್ಲಿ, ಕೆಲ್ವಿನ್ನಿನದು ಅದಕ್ಕೂ 273.15 ಮೆಟ್ಟಿಲು ಕೆಳಗೆ. ನಾನು ಮೆಟ್ಟಿಲಿನ ಎತ್ತರಕ್ಕೇ ನೆಲಮಾಳಿಗೆಯ ಆಳ ಸೇರಿಸಿಬಿಟ್ಟಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಕೇಳಿರುವುದು ಉಷ್ಣತೆಯೋ, ಉಷ್ಣತೆಯ ವ್ಯತ್ಯಾಸವೋ, ಅದನ್ನು ಮೊದಲು ನೋಡಿ. ವ್ಯತ್ಯಾಸವಾದರೆ 273ನ್ನು ಮುಟ್ಟಲೇ ಬೇಡಿ. ಗ್ಯಾಸಿನ ಲೆಕ್ಕದಲ್ಲಿ ಮಾತ್ರ ಕೂಡಿಸದೆ ಬಿಡಬೇಡಿ, ಅಲ್ಲಿ ಗಾತ್ರ ಹೆಚ್ಚುವುದು ಕೆಲ್ವಿನ್ ಉಷ್ಣತೆಯ ಪ್ರಮಾಣದಲ್ಲಿ: ಒತ್ತಡ ಬದಲಾಗದಂತೆ ಗಾಳಿಯನ್ನು 30ರಿಂದ 60 ಡಿಗ್ರಿಗೆ ಕಾಸಿದರೆ ಗಾತ್ರ ಎರಡರಷ್ಟಾಗುವುದಿಲ್ಲ, 303ರಿಂದ 333, ಅಂದರೆ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ ಅಷ್ಟೇ.

.15 ಬಗ್ಗೆ ಅಷ್ಟು ಚಿಂತೆಯಿದ್ದರೆ, ಪ್ರಶ್ನೆಯಲ್ಲಿ ದಶಾಂಶ ಕೊಟ್ಟಿದ್ದರೆ ಹಾಕಿ, ಇಲ್ಲದಿದ್ದರೆ 273 ಸಾಕು. ಹಾಂ, ಕೆಲ್ವಿನ್ ಮುಂದೆ ಡಿಗ್ರಿಯ ಪುಟ್ಟ ಸೊನ್ನೆ (°) ಹಾಕಬೇಡಿ, 1967ರಲ್ಲೇ ಅದನ್ನು ತೆಗೆದಿದ್ದಾರೆ. ನಾನು ಆ ಹಾಳೆಯಲ್ಲಿ ಅದನ್ನೂ ಹಾಕಿದ್ದೆ.