ಬಾಗಲಕೋಟೆ ಜಿಲ್ಲೆಯ ಬೀಳಗಿ ಕಡೆ ಚಿಂಕಾರವೂ (ಹುಲ್ಲೆ ಜಾತಿಯ ಕಾಡುಪ್ರಾಣಿ) ಉಳಿದು ಜೋಳವೂ ಕೈಗೆ ಬರೋಕೆ ಏನು ಮಾಡಬೇಕು?

ಚಿಂಕಾರಕ್ಕೆ ದಟ್ಟ ಕಾಡು ಬೇಡ. ಕುರುಚಲು ಗಿಡ, ಹುಲ್ಲು, ಕಲ್ಲು ನೆಲ ಇದ್ದರೆ ಸಾಕು. ನೀರು ಸಿಗದಿದ್ದರೂ ಎಲೆಯ ತೇವದಲ್ಲೇ ಎಷ್ಟೋ ದಿನ ತಳ್ಳುತ್ತದೆ. ಹಾಗಾಗಿ ಯಡಹಳ್ಳಿ ಚಿಂಕಾರ ಧಾಮದ ಸುತ್ತಲಿನ ಮಡ್ಡಿ (ಕಲ್ಲು, ಕುರುಚಲಿನ ಬೀಳು ನೆಲ) ಸುಮ್ನೆ ಬಿದ್ದಿದೆ ಅಂತ ನೀಲಗಿರಿ ನೆಡೋದು, ಜೆಸಿಬಿ ಹಚ್ಚಿ ಕಬ್ಬಿಗೆ ಹದ ಮಾಡೋದು ಬೇಡ. ನನ್ನ ಪ್ರಕಾರ ಅರ್ಧ ಸಮಸ್ಯೆ ಅಲ್ಲೇ ಇದೆ.

ಬೆಳೆ ಕಾಯೋಕೆ ಹಳೇ ಪದ್ಧತಿಯೇ ಇದೆ ಅಲ್ವಾ? ಹಿಂಗಾರಿ ಜೋಳದ ಸುತ್ತ ನಾಲ್ಕು ಸಾಲು ಕುಸುಬಿ. ಬಲಿತ ಮೇಲೆ ಅದರ ಮುಳ್ಳಿಗೆ ದನವೂ ಬಾಯಿ ಹಾಕಲ್ಲ. ಎಳೇ ಕುಸುಬಿಗೆ ಮುಳ್ಳಿರಲ್ಲ, ಆಗ ಕಾವಲು ಬೇಕೇ ಬೇಕು. ಬೇಲಿ ತಂತಿಗೆ ಕರೆಂಟ್ ಮಾತ್ರ ಕೊಡಬೇಡಿ. ಚಿಂಕಾರ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅಂದ್ರೆ ಅತಿ ಹೆಚ್ಚಿನ ರಕ್ಷಣೆ ಇರುವ ಪ್ರಾಣಿ, ಕೊಂದರೆ ಅಪರಾಧ. ಬೆಳೆ ಹಾಳಾದರೆ ಫೋಟೋ, ಪಹಣಿ ಸಮೇತ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.