ಮನೆಯಲ್ಲಿರೋ ಸಾಮಾನಿಂದಲೇ ಮಗಳ ಜೊತೆ ವಾದ್ಯ ಮಾಡಬಹುದಾ, ಇಲ್ಲ ಕೀಬೋರ್ಡ್ ಕೊಡಿಸೋದೇ ಒಳ್ಳೆಯದಾ?

ಆರು ವರ್ಷದ ಮಗಳು ಸಿಕ್ಕಿದ್ದನ್ನೆಲ್ಲ ಬಡಿಯುತ್ತಾಳೆ, ರಜೆಯಲ್ಲಿ ಅವಳ ಜೊತೆ ಏನಾದರೂ ವಾದ್ಯ ಮಾಡಬೇಕು, ಅದು ನೋಡೋಕೂ ಚೆನ್ನಾಗಿರಬೇಕು, ಒಂದು ಹಾಡಾದರೂ ನುಡಿಸೋಕೆ ಬರಬೇಕು, ಇಲ್ಲಾಂದರೆ ಕೀಬೋರ್ಡ್ ತರುತ್ತೇನೆ ಅಂದಿದ್ದೀರಿ. ನಾನೂ ಹೀಗೇ ಅಂದುಕೊಂಡು ಶುರು ಮಾಡಿದವಳು. ಕೊನೆಗೆ ನಮ್ಮ ಹಾಲ್‌ನ ಕರ್ಟನ್ ರಾಡ್ ಹೋಯಿತು. ದೀಪಾವಳಿವರೆಗೂ ಪರದೆಯನ್ನು ಬಟ್ಟೆ ಒಣಗಿಸೋ ಹಗ್ಗಕ್ಕೆ ನೇತುಹಾಕಿದ್ದೆವು, ಬಂದವರೆಲ್ಲ ಕೇಳೋರು.

ನಾವಿರುವುದು ದಾವಣಗೆರೆಯಲ್ಲಿ. ಆಗ ಮಗಳು ಮೂರನೇ ಕ್ಲಾಸು, ಮಗ ಎಲ್‌ಕೆಜಿ. ಮೊದಲು ಮಾಡಿದ್ದು ಗಿಲಕಿ. ಖಾಲಿ ನೀರಿನ ಬಾಟಲಿಗೆ ಕಾಳು ಹಾಕಿ ಅಲ್ಲಾಡಿಸೋದು, ಅಷ್ಟೇ. ರಾಗಿ ಹಾಕಿದರೆ ಸಣ್ಣಗೆ ಮಳೆ ಬಿದ್ದ ಹಾಗೆ ಸದ್ದು. ಕಡಲೆಬೇಳೆ ಚಟಚಟ. ಹುಣಸೆಬೀಜ ಟಕಟಕ. ನಮ್ಮ ಮಗ ಜಾಸ್ತಿ ಹಾಕಿದರೆ ಜಾಸ್ತಿ ಸದ್ದು ಅಂದುಕೊಂಡು ಬಾಟಲಿ ತುಂಬಾ ರಾಗಿ ಸುರಿದ. ಸದ್ದೇ ಇಲ್ಲ! ಕಾಳಿಗೆ ಓಡಾಡೋಕೆ ಜಾಗ ಬೇಕಲ್ವಾ. ಅರ್ಧ ಚೆಲ್ಲಿದ, ಇನ್ನೂ ಸ್ವಲ್ಪ ಚೆಲ್ಲಿದ, ಕಾಲು ಭಾಗಕ್ಕಿಂತ ಕಡಿಮೆಗೆ ಬಂದಾಗ ಸರಿಹೋಯಿತು. ಅಡುಗೆಮನೆ ನೆಲ ಗುಡಿಸಿದ್ದು ನಾನು, ಆದರೆ ಹೇಳಿಕೊಟ್ಟಿದ್ದರೆ ಅವನಿಗೆ ಅದು ಅರ್ಧದಷ್ಟೂ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಸ್ವೀಟ್ ಬಾಕ್ಸಿಗೆ ರಬ್ಬರ್ ಬ್ಯಾಂಡ್ ಹಾಕಿ ಮೀಟೋದು. ಇದನ್ನು ಎಲ್ಲರೂ ಹೇಳುತ್ತಾರೆ, ಇದರ ತರಲೆಯನ್ನು ಮಾತ್ರ ಯಾರೂ ಹೇಳಲ್ಲ. ತಂತಿ ಬಿಗಿ ಮಾಡಿದರೆ ಸ್ವರ ಏರುತ್ತದೆ ಅಂತ ನಮಗೆ ಗೊತ್ತು. ರಬ್ಬರ್ ಬ್ಯಾಂಡ್ ಎಷ್ಟು ಎಳೆದರೂ ಒಂದು ಹಂತ ದಾಟಿದ ಮೇಲೆ ಸ್ವರ ಅಲ್ಲೇ ನಿಂತುಬಿಡುತ್ತದೆ. ಎಳೆದಾಗ ಬಿಗಿ ಹೆಚ್ಚಾಗುತ್ತದೆ ನಿಜ, ಜೊತೆಗೆ ಉದ್ದವೂ ಹೆಚ್ಚಾಗುತ್ತದೆ. ಬಿಗಿ ಸ್ವರವನ್ನು ಏರಿಸಿದರೆ ಉದ್ದ ಅದನ್ನು ಇಳಿಸುತ್ತದೆ. ಅದಕ್ಕೆ ಎಳೆದಾಡಬೇಡಿ, ಬ್ಯಾಂಡಿನ ಕೆಳಗೆ ಒಂದು ಪೆನ್ಸಿಲ್ ತೂರಿಸಿ. ಪೆನ್ಸಿಲನ್ನು ಅತ್ತಿತ್ತ ಸರಿಸಿ, ಮೀಟೋ ಭಾಗ ಗಿಡ್ಡ ಆದಷ್ಟೂ ಸ್ವರ ಏರುತ್ತದೆ. ಮಗಳು ಪೆನ್ಸಿಲ್ ಓರೆಯಾಗಿ ಇಟ್ಟಳು, ಒಂದೊಂದು ಬ್ಯಾಂಡಿಗೆ ಒಂದೊಂದು ಸ್ವರ ಬಂತು.

ಇಲ್ಲಿಗೆ ನಿಲ್ಲಿಸಿದ್ದರೆ ಕರ್ಟನ್ ರಾಡ್ ಉಳಿಯುತ್ತಿತ್ತು. ಗಣೇಶನ ಚಂದಾ ಕೇಳೋಕೆ ನಮ್ಮ ಬೀದಿಯ ಹುಡುಗರು ಬಂದರು. ಈ ಸಲ ಮಕ್ಕಳ ಕಾರ್ಯಕ್ರಮ ಇದೆ ಆಂಟಿ, ನಿಮ್ಮನೆ ಮಕ್ಕಳದ್ದು ಏನು ಅಂದರು. "ನಾವೇ ಮಾಡಿದ ವಾದ್ಯ ನುಡಿಸ್ತಾರೆ" ಅಂತ ನಾನು ಜಂಬದಲ್ಲಿ ಹೇಳಿಬಿಟ್ಟೆ. ಹೇಳಿದ ಮೇಲೆ ರಾಗಿ ಬಾಟಲಿ ಹಿಡಿದು ಪೆಂಡಾಲಿಗೆ ಹೋಗೋಕಾಗುತ್ತಾ? ಸರಿಗಮ ಬರೋದು ಏನಾದರೂ ಬೇಕು. ಅಟ್ಟದ ಮೇಲೆ ಒಂದು ಹಳೇ ಸ್ಟೀಲ್ ಕರ್ಟನ್ ರಾಡ್ ಇತ್ತು, ಒಳಗೆ ಟೊಳ್ಳು. ಒಂದು ತುಂಡು ಕೊಯ್ದು ಬಡಿದರೆ ಟಿಣ್ ಅಂತ ಗಂಟೆಯ ಸದ್ದು. ನಮಗೆಲ್ಲ ಖುಷಿಯೋ ಖುಷಿ.

ತಪ್ಪಾಗಿದ್ದು ಇಲ್ಲೇ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಚಿಕ್ಕವಳಿದ್ದಾಗ ಒಂದಷ್ಟು ವರ್ಷ ವೀಣೆ ಕಲಿತಿದ್ದೆ. ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿದರೆ ಮೇಲಿನ ಸ, ಮೂರನೇ ಎರಡಕ್ಕೆ ಒತ್ತಿದರೆ ಪ, ಇದು ನನಗೆ ಬೆರಳಲ್ಲೇ ಇದೆ. ಪೈಪಿಗೂ ಅದೇ ಲೆಕ್ಕ ಅಂದುಕೊಂಡೆ. ಸ ಅಂತ 30 ಸೆಂಟಿಮೀಟರ್ ಇಟ್ಟುಕೊಂಡು, ರಿ 26.7, ಗ 24, ಪ 20, ದ 18, ಮೇಲಿನ ಸ 15 ಅಂತ ಚೀಟಿಯಲ್ಲಿ ಬರೆದೆ. ಒಂದು ಕೊಯ್ದು, ಕೇಳಿ, ಆಮೇಲೆ ಇನ್ನೊಂದು ಕೊಯ್ಯೋಣ ಅನ್ನೋ ಬುದ್ಧಿ ಬರಲಿಲ್ಲ. ಮೇಲಿನ ಮನೆಯವರ ಹತ್ತಿರ ಹ್ಯಾಕ್ಸಾ ತಂದು ಒಂದೇ ಏಟಿಗೆ ಎಲ್ಲಾ ಕೊಯ್ದುಬಿಟ್ಟೆ.

ಬಡಿದು ನೋಡಿದರೆ ರಿ ಅನ್ನೋ ತುಂಡು ಹೆಚ್ಚುಕಡಿಮೆ ಗ ನುಡಿಯುತ್ತಿದೆ. ಪ ಅನ್ನೋದು ಮೇಲಿನ ಸ್ಥಾಯಿಯ ರಿ, ಅಂದರೆ ಮೇಲಿನ ಸ ದಾಟಿದ ಮೇಲೆ ಬರೋ ರಿ. ಮೇಲಿನ ಸ ಅಂತ ಕೊಯ್ದ 15ರ ತುಂಡಂತೂ ಇನ್ನೊಂದು ಸ್ಥಾಯಿ ಹಾರಿ ಅದರಾಚೆಯ ಸಕ್ಕೆ ಹೋಗಿ ಕೂತಿದೆ, ಕೀಚು ಕೀಚು. ಮಗಳು ನನ್ನ ಮುಖ ನೋಡುತ್ತಾಳೆ, ನಾನು ಚೀಟಿ ನೋಡುತ್ತೇನೆ.

ಕಾರಣ ಆಮೇಲೆ ಗೊತ್ತಾಯಿತು. ತಂತಿ ಕಂಪಿಸೋದು ಎಳೆದು ಕಟ್ಟಿದ ಬಿಗಿಯಿಂದ. ಪೈಪನ್ನು ಯಾರೂ ಎಳೆದು ಕಟ್ಟಿಲ್ಲ, ಅದು ತನ್ನದೇ ಗಡಸುತನದಿಂದ ಬಾಗಿ ವಾಪಸ್ ಬರುತ್ತದೆ. ಗಿಡ್ಡ ಆದರೆ ಬಾಗಿಸೋದು ಸ್ವಲ್ಪ ಕಷ್ಟ ಅಲ್ಲ, ತುಂಬಾನೇ ಕಷ್ಟ. ಹಾಗಾಗಿ ತಂತಿ ಅರ್ಧ ಆದರೆ ಕಂಪನ ಎರಡರಷ್ಟು, ಪೈಪ್ ಅರ್ಧ ಆದರೆ ನಾಲ್ಕರಷ್ಟು. ಮೇಲಿನ ಸ ಬೇಕಾದರೆ ಅರ್ಧ ಮಾಡಬಾರದು, ಹತ್ತರಲ್ಲಿ ಏಳು ಭಾಗ ಉಳಿಸಿಕೊಳ್ಳಬೇಕು. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಗುಂಡಿ ಇದೆಯಲ್ಲ, ವೀಣೆಯ ಲೆಕ್ಕದ ಭಾಗದ ಮೇಲೆ (ಅರ್ಧ ಅಂದರೆ 0.5) ಅದನ್ನೊಂದು ಸಲ ಒತ್ತಿ, ಬಂದದ್ದನ್ನು 30ರಿಂದ ಗುಣಿಸಿದ್ದರೆ ಮುಗಿಯುತ್ತಿತ್ತು. ಸರಿಯಾದ ಅಳತೆ ಇದು: ಸ 30, ರಿ 28.3, ಗ 26.8, ಪ 24.5, ದ 23.2, ಮೇಲಿನ ಸ 21.2 ಸೆಂಟಿಮೀಟರ್. ಒಟ್ಟು ಒಂದೂವರೆ ಮೀಟರ್ ಚಿಲ್ಲರೆ, ಆರಡಿ ರಾಡ್ ಒಂದೇ ಸಾಕು.

ಹಾಳಾದ ರಾಡಿನಲ್ಲಿ ಎರಡು ತುಂಡನ್ನು ಹಾಗೇ ಉಳಿಸಿಕೊಳ್ಳಬಹುದಿತ್ತು, ಸ ಮತ್ತೆ ಗ ಆಗಿಬಿಟ್ಟಿದ್ದ ಆ ರಿ. ಆದರೆ ಉಳಿದ ಸ್ವರಗಳಿಗೆ ಮನೆಯಲ್ಲಿ ಇದ್ದದ್ದು ಹಾಲ್ ಕಿಟಕಿಯ ರಾಡ್ ಮಾತ್ರ, ಅದು ಇದಕ್ಕಿಂತ ದಪ್ಪ. ದಪ್ಪ ಬೇರೆ ಆದರೆ ಅಳತೆ ಹೊಂದಲ್ಲ. ಮಾರನೇ ದಿನ ಸಂಜೆ ಕಾರ್ಯಕ್ರಮ. ನಮ್ಮನೆಯವರು ಆಫೀಸಿಂದ ಬರೋ ಹೊತ್ತಿಗೆ ಪರದೆ ಸೋಫಾದ ಮೇಲಿತ್ತು, ರಾಡು ಆರು ತುಂಡಾಗಿತ್ತು.

ನೀವು ಮಾಡೋದಾದರೆ ಎರಡು ಮಾತು. ಪ್ರತಿ ತುಂಡನ್ನೂ ಅಳತೆಗಿಂತ ಎರಡು ಮೂರು ಮಿಲಿಮೀಟರ್ ಉದ್ದ ಕೊಯ್ಯಿರಿ, ಆಮೇಲೆ ಕೇಳಿಸಿಕೊಳ್ಳುತ್ತಾ ತುದಿ ಉಜ್ಜಿ. ಉಜ್ಜಿದಷ್ಟೂ ಸ್ವರ ಏರುತ್ತದೆ, ಏರಿದ್ದು ಇಳಿಯಲ್ಲ. ಕೊಯ್ದ ತುದಿ ಬಹಳ ಚೂಪು, ಮೊದಲ ಸಲ ಅರ ಹಾಕಿ ನೀವೇ ಉಜ್ಜಿ, ಆಮೇಲೆ ಉಪ್ಪುಕಾಗದ ಮಗಳ ಕೈಗೆ ಕೊಡಿ. ಇನ್ನೊಂದು, ಪೈಪನ್ನು ತುದಿಯಲ್ಲಿ ಕಟ್ಟಿದರೆ ಸದ್ದು ಸತ್ತುಹೋಗುತ್ತದೆ, ಮಧ್ಯದಲ್ಲಿ ಹಿಡಿದರೂ ಅಷ್ಟೇ. ಎರಡೂ ತುದಿಯಿಂದ ಉದ್ದದ ನೂರಕ್ಕೆ 22 ಭಾಗದ ಹತ್ತಿರ ಅಲ್ಲಾಡದ ಜಾಗ ಒಂದಿರುತ್ತದೆ. 30ರ ಪೈಪಿಗೆ ಅದು ತುದಿಯಿಂದ 6.7 ಸೆಂಟಿಮೀಟರ್. ಅಲ್ಲಿ ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಮರದ ಸೌಟಿನ ಹಿಡಿಯಿಂದ ಮಧ್ಯಕ್ಕೆ ಬಡಿಯಿರಿ, ಬೆರಳನ್ನು ಒಂದಿಷ್ಟು ಅತ್ತ ಇತ್ತ ಸರಿಸಿ ಮತ್ತೆ ಬಡಿಯಿರಿ. ಎಲ್ಲಿ ಹಿಡಿದಾಗ ಸದ್ದು ಜಾಸ್ತಿ ಹೊತ್ತು ಉಳಿಯುತ್ತದೋ ಆ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿ. ಹಳೇ ಉಲ್ಲನ್ನು ಹೊಸೆದು ದಪ್ಪ ಹಗ್ಗದ ಹಾಗೆ ಮಾಡಿ, ಎರಡು ಸಾಲು ಹಾಸಿ, ಆ ಗುರುತುಗಳು ಅದರ ಮೇಲೆ ಬರೋ ಹಾಗೆ ಪೈಪ್ ಮಲಗಿಸಿದರೆ ಆಯಿತು.

ಏಳೂ ಸ್ವರ ಯಾಕಿಲ್ಲ ಅಂತ ಕೇಳುತ್ತೀರೇನೋ. ಬೇಡ. ಸರಿಗಪದ ಅಂದರೆ ಮೋಹನ ರಾಗ, ಇದರಲ್ಲಿ ಮ, ನಿ ಇಲ್ಲ. ಮಗು ಯಾವುದಾದ ಮೇಲೆ ಯಾವುದನ್ನು ಬಡಿದರೂ ಕಿವಿಗೆ ಕರಕರೆ ಆಗಲ್ಲ.

ಈಗ ನಿಮ್ಮ "ನೋಡೋಕೂ ಚೆನ್ನಾಗಿರಬೇಕು" ಅನ್ನೋದಕ್ಕೆ ಬರೋಣ. ದಯವಿಟ್ಟು ಬಿಡಿ ಅದನ್ನು. ಕಮಿಟಿಯ ಹುಡುಗರು ಹೇಳಿದರು ಅಂತ ನಮ್ಮ ಮಗಳು ಪೈಪಿಗೆಲ್ಲ ಮಿಂಚೋ ಟೇಪ್ ಸುತ್ತಿದಳು. ಸ್ಟೀಲು ಕಟ್ಟಿಗೆ ಆಯಿತು, ಟಿಣ್ ಹೋಗಿ ಟಕ್. ಅಳುತ್ತಾ ಬಿಚ್ಚಿದಳು. ಗಾಜಿನ ಲೋಟಕ್ಕೆ ಬಣ್ಣದ ಕಾಗದ ಅಂಟಿಸಿದರೂ ಇದೇ ಕಥೆ. ಕಂಪಿಸೋ ವಸ್ತುವಿನ ಮೈಮೇಲೆ ಏನೂ ಅಂಟಿಸಬಾರದು. ಶೃಂಗಾರ ಮಾಡಲೇಬೇಕು ಅಂದರೆ ಕೆಳಗಿನ ಹಲಗೆಗೆ ಮಾಡಿ.

ಹಾಡು ನುಡಿಸಬೇಕು ಅನ್ನೋದನ್ನೂ ನಾನು ಒಪ್ಪಲ್ಲ. ಪೆಂಡಾಲಿನಲ್ಲಿ ಮಗಳಿಗೆ ಹಾಡು ಅರ್ಧಕ್ಕೇ ಮರೆತುಹೋಯಿತು. ಒಂದು ನಿಮಿಷ ಸುಮ್ನೆ ನಿಂತಳು, ಆಮೇಲೆ ಮನಸ್ಸಿಗೆ ಬಂದ ಹಾಗೆ ಮೇಲೆ ಕೆಳಗೆ ಬಡಿಯೋಕೆ ಶುರು ಮಾಡಿದಳು, ಮಗ ರಾಗಿ ಬಾಟಲಿ ಹಿಡಿದು ಸೇರಿಕೊಂಡ. ಜನಕ್ಕೆ ಹಾಡಿಗಿಂತ ಅದೇ ಹಿಡಿಸಿತು. ಹಾಡು ಅಂತ ಗಂಟು ಹಾಕಿದ್ದು ನಾನು, ಮಕ್ಕಳು ಯಾವತ್ತೂ ಕೇಳಿರಲಿಲ್ಲ.

ಮಾಡಲೇಬೇಕಾದ ಇನ್ನೊಂದು ಇದೆ, ಖರ್ಚೇ ಇಲ್ಲ. ಒಂದು ಗಾಜಿನ ಬಾಟಲಿಗೆ ನೀರು ಹಾಕುತ್ತಾ ಚಮಚದಲ್ಲಿ ಬಡಿಯಿರಿ. ನೀರು ಏರಿದಷ್ಟೂ ಸ್ವರ ಇಳಿಯುತ್ತದೆ. ಈಗ ಅದೇ ಬಾಟಲಿಯ ಬಾಯಿಗೆ ಅಡ್ಡವಾಗಿ ಊದಿ. ನೀರು ಏರಿದಷ್ಟೂ ಸ್ವರ ಏರುತ್ತದೆ! ಬಡಿದಾಗ ಗಾಜು ನಡುಗುತ್ತದೆ, ನೀರು ಅದಕ್ಕೆ ಭಾರ. ಊದಿದಾಗ ನಡುಗೋದು ಒಳಗಿನ ಗಾಳಿ, ನೀರು ಬಂದಷ್ಟೂ ಅದರ ಜಾಗ ಕಡಿಮೆ. ಇದನ್ನು ಮೊದಲೇ ಹೇಳಿಬಿಡಬೇಡಿ, ಏನಾಗುತ್ತೆ ಹೇಳು ನೋಡೋಣ ಅಂತ ಪಂದ್ಯ ಕಟ್ಟಿ. ಆಮೇಲೆ ಆನಯಂಪಟ್ಟಿ ಗಣೇಶನ್ ಅವರ ಜಲತರಂಗ ಕೇಳಿಸಿ, ಪಿಂಗಾಣಿ ಬಟ್ಟಲಿಂದ ಏನೆಲ್ಲ ಬರುತ್ತದೆ ಅಂತ ಅವಳಿಗೇ ಗೊತ್ತಾಗುತ್ತದೆ.

ಊದೋದಕ್ಕೆ ಸ್ಟ್ರಾ ಪೀಪಿಯನ್ನೂ ಮಾಡಬಹುದು, ತುದಿಯನ್ನು ಚಪ್ಪಟೆ ಮಾಡಿ ಎರಡೂ ಕಡೆ ಓರೆಯಾಗಿ ಕತ್ತರಿಸಿ ಊದೋದು. ಕಸದಿಂದ ಆಟಿಕೆ ಮಾಡೋದನ್ನು ಮಕ್ಕಳಿಗೆ ಕಲಿಸಿ 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತ ಅವರ ವಿಡಿಯೋಗಳಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ಆದರೆ 2022ರ ಜುಲೈಯಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧ ಆಯಿತಲ್ಲ, ಪೇಪರ್ ಸ್ಟ್ರಾ ಎಂಜಲಿಗೆ ಮೆತ್ತಗಾಗಿ ಕೂತುಬಿಡುತ್ತದೆ. ನಮ್ಮತ್ತೆ ನೋಡಿ ನೋಡಿ ಮೊಮ್ಮಗನಿಗೆ "ಅದನ್ನ ಬಿಸಾಕು, ಹಿತ್ತಲಿಂದ ಪಪ್ಪಾಯಿ ಎಲೆ ದಂಟು ತಗೊಂಬಾ" ಅಂದರು. ದಂಟಿನ ಮುಚ್ಚಿದ ತುದಿಯ ಹತ್ತಿರ ಉದ್ದಕ್ಕೆ ಒಂದು ಸೀಳು, ಹಾಲು ಹೋಗೋ ಹಾಗೆ ಚೆನ್ನಾಗಿ ತೊಳೆದು ಊದಿದರೆ ಬೀದಿಗೆಲ್ಲ ಕೇಳಿಸುತ್ತದೆ. ಹಾಲು ತೊಳೆಯದಿದ್ದರೆ ತುಟಿ ಉರಿಯುತ್ತದೆ.

ಕೀಬೋರ್ಡ್ ತರೋದಾದರೆ ತನ್ನಿ, ಬೇಡ ಅನ್ನಲ್ಲ. ಆದರೆ ಇದರ ಬದಲಿಗೆ ಅಂತ ತರಬೇಡಿ. ಕೀಬೋರ್ಡಿನಲ್ಲಿ ಸದ್ದು ಮೊದಲೇ ಮಾಡಿಟ್ಟಿರುತ್ತಾರೆ, ಎಲ್ಲಿಂದ ಬಂತು ಅಂತ ಮಗುವಿಗೆ ಕಾಣಲ್ಲ.

ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಗಿಲಕಿಯ ಮುಚ್ಚಳವನ್ನು ಅಂಟು ಹಾಕಿ ಭದ್ರ ಮಾಡಿ, ಕಾಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೆಂಪಗೆ ಚೆಂದ ಕಾಣುತ್ತೆ ಅಂತ ಗುಲಗಂಜಿ ಮಾತ್ರ ಹಾಕಲೇಬೇಡಿ, ಅದು ವಿಷ.

ರಾಡಿನ ಸದ್ದು ತೀರಾ ಕೀಚಲು ಅನ್ನಿಸಿದರೆ ಎಲ್ಲಾ ತುಂಡನ್ನೂ ಒಂದೇ ಪ್ರಮಾಣದಲ್ಲಿ ಉದ್ದ ಮಾಡಿ. ಸ 33 ಇಟ್ಟರೆ ಉಳಿದವೂ ಹತ್ತಕ್ಕೆ ಹನ್ನೊಂದರಂತೆ ಹೆಚ್ಚಬೇಕು. 36ಕ್ಕೆ ಹೋಗಬೇಡಿ, ಒಟ್ಟು 185 ಸೆಂಟಿಮೀಟರ್ ಆಗುತ್ತದೆ, ಆರಡಿ ರಾಡಿಗೆ ಎರಡು ಸೆಂಟಿಮೀಟರ್ ಸಾಲದೇ ಬರುತ್ತದೆ.