ಕಡಲತೊಟ್ಟಿ: ಮೀನಿನ ಊಟ, ಮನೆಯ ಫ್ರೀಜರ್

ಪ್ರಶ್ನೆ: ನಮ್ಮಲ್ಲಿ 400 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಒಂದು ಜೋಡಿ ಕ್ಲೌನ್ ಮೀನು, ಒಂದು ಸರ್ಜನ್ ಮೀನು, ಎರಡು ಕ್ಲೀನರ್ ಸಿಗಡಿಗಳಿವೆ. ಅಂಗಡಿಯ ಫ್ರೋಜನ್ ಆಹಾರ ದುಬಾರಿ ಎಂದು ಬೂತಾಯಿ ಮತ್ತು ಸಿಗಡಿಯನ್ನು ತಂದು ಮಿಕ್ಸಿಯಲ್ಲಿ ರುಬ್ಬಿ, ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿದೆ. ಹಾಕಿದಾಗಲೆಲ್ಲ ನೀರು ಹಾಲಿನಂತಾಗುತ್ತದೆ, ಗಾಜಿಗೆ ಪಾಚಿ ಕಟ್ಟುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಮೊದಲು ಮಿಕ್ಸಿಯನ್ನು ಕೈಬಿಡಿ. ರುಬ್ಬಿದಾಗ ಮಾಂಸದ ಬಹುಭಾಗ ಮೀನಿನ ಬಾಯಿಗೆ ಸಿಗದಷ್ಟು ನುಣ್ಣಗಾಗುತ್ತದೆ. ನಿಮ್ಮ ಹಾಲಿನಂಥ ನೀರು ಅದೇ. ಅದು ಕೊಳೆತು ನೈಟ್ರೇಟ್, ಫಾಸ್ಫೇಟ್ ಹೆಚ್ಚುತ್ತದೆ, ಪಾಚಿಗೆ ಗೊಬ್ಬರವಾಗುತ್ತದೆ. ಮಾಂಸವನ್ನು ಒಂದು ಗಂಟೆ ಫ್ರೀಜರಿನಲ್ಲಿಟ್ಟು ಬಿಗಿಯಾಗಿಸಿ, ಹರಿತವಾದ ಚಾಕುವಿನಿಂದ ಕೊಚ್ಚಿ. ಕ್ಲೌನ್ ಮೀನಿಗೆ ಸಾಸಿವೆಗಿಂತ ದೊಡ್ಡದು, ತೊಗರಿಬೇಳೆಗಿಂತ ಚಿಕ್ಕದು ಎಂಬ ಅಳತೆ ನನ್ನದು. ಕೈ ನೋಯುತ್ತದೆ ನಿಜ, ಆದರೆ ಈ ಕೆಲಸಕ್ಕೆ ಅಡ್ಡದಾರಿ ನನಗೆ ಇದುವರೆಗೆ ಸಿಕ್ಕಿಲ್ಲ.

ಎರಡನೆಯದು ಬೂತಾಯಿ. ನಮ್ಮ ಮಂಗಳೂರಿನವರಿಗೆ ಬೂತಾಯಿಯ ಮೇಲಿನ ಪ್ರೀತಿ ಎಷ್ಟೆಂದು ಹೇಳಬೇಕಾಗಿಲ್ಲ, ಆದರೂ ತೊಟ್ಟಿಯ ಮೀನಿಗೆ ಅದನ್ನು ನಿತ್ಯದ ಊಟವಾಗಿ ಕೊಡಬೇಡಿ. ಅದರ ಎಣ್ಣೆ ನೀರಿನ ಮೇಲೆ ಪೊರೆ ಕಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೂತಾಯಿ ವರ್ಗದ ಹಲವು ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿರುತ್ತದೆ. ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಫ್ರೀಜರಿನ ಚಳಿಗೆ ಅದು ಸಾಯುವುದಿಲ್ಲ, ಬೇಯಿಸಿದರೆ ಮಾತ್ರ ಕೆಡುತ್ತದೆ. ತಿಂಗಳುಗಟ್ಟಲೆ ಅದನ್ನೇ ತಿಂದ ಮೀನು ಕಾರಣ ತಿಳಿಯದಂತೆ ಸೊರಗುತ್ತದೆ. ಬದಲಿಗೆ ಕಾಣೆಯಂಥ ಬಿಳಿ ಮಾಂಸದ ಮೀನು, ಬೊಂಡಾಸ್ (ಸ್ಕ್ವಿಡ್), ಸ್ವಲ್ಪ ಮರುವಾಯಿ (ಕಪ್ಪೆಚಿಪ್ಪಿನ ಮಾಂಸ) ಬಳಸಿ. ಮರುವಾಯಿಯಂಥ ಚಿಪ್ಪಿನ ಜೀವಿಗಳಲ್ಲಿಯೂ ಕೆಲವಕ್ಕೆ ಈ ಕಿಣ್ವದ ದೋಷವಿದೆ, ಆದ್ದರಿಂದ ಅದು ರುಚಿಗಷ್ಟೇ ಇರಲಿ. ಕೆರೆಯ ಮೀನು ಬೇಡ. ಕಡಲ ಮೀನಿಗೆ ಬೇಕಾದ ಕೊಬ್ಬಿನಾಮ್ಲಗಳು ಕಡಲ ಜೀವಿಗಳಲ್ಲೇ ಚೆನ್ನಾಗಿ ಸಿಗುತ್ತವೆ.

ನಿಮ್ಮಲ್ಲಿ ಕ್ಲೀನರ್ ಸಿಗಡಿಗಳಿವೆ ಎಂದು ಓದಿದಾಗ ನನಗೆ ಗಾಬರಿಯಾಯಿತು. ಕೆರೆಕಟ್ಟಿ ಸಾಕಿದ ಸಿಗಡಿಯಲ್ಲಿ ಬಿಳಿಚುಕ್ಕೆ ರೋಗದ ವೈರಸ್ ಇರಬಹುದು. ಮನುಷ್ಯರಿಗೂ ಮೀನಿಗೂ ಅದರಿಂದ ತೊಂದರೆಯಿಲ್ಲ, ಆದರೆ ಸಿಗಡಿ, ಏಡಿಗಳಿಗೆ ಅದು ಮಾರಕ. ಹೆಪ್ಪುಗಟ್ಟಿಸಿದರೂ ಅದು ಬದುಕಿರುತ್ತದೆ. ಆದ್ದರಿಂದ ನೀವು ಸಿಗಡಿಯನ್ನು ಪೂರ್ತಿ ಬೇಯಿಸಿಯೇ ಬಳಸಬೇಕು, ಇಲ್ಲವೇ ಅದನ್ನು ಬಿಟ್ಟು ಬೊಂಡಾಸ್ ಹೆಚ್ಚಿಸಬೇಕು. ಸುಲಿದು ಪೊಟ್ಟಣದಲ್ಲಿ ಮಾರುವ ಸಿಗಡಿಯಾದರೆ ಹಿಂಬದಿಯ ಸಣ್ಣ ಅಕ್ಷರ ಓದಿ. ಇ451 ಅಥವಾ ಇ452 ಎಂದಿದ್ದರೆ ಅದರಲ್ಲಿ ಪಾಲಿಫಾಸ್ಫೇಟ್ ಇದೆ, ಅಂದರೆ ಪಾಚಿಗೆ ನೀವೇ ಗೊಬ್ಬರ ಕೊಂಡಂತೆ.

ಇನ್ನು ತಾಜಾತನ. ನನ್ನ ತಾಯಿ ಬಂದರಿನ ದಕ್ಕೆಯಲ್ಲಿ ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡದೆ ದರ ಕೇಳುತ್ತಿರಲಿಲ್ಲ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಮತ್ತೆ ಮೇಲೇಳಬೇಕು. ಹದಿನಾರು ವರ್ಷಗಳಿಂದ ತೊಟ್ಟಿಯ ಮೀನಿಗೂ ನಾನು ಹಾಗೆಯೇ ಕೊಳ್ಳುತ್ತಿದ್ದೇನೆ. ಫ್ರೀಜರ್ ಕೆಡುವುದನ್ನು ತಡೆಹಿಡಿಯುತ್ತದೆ, ಆಗಲೇ ಕೆಟ್ಟದ್ದನ್ನು ಸರಿಮಾಡುವುದಿಲ್ಲ. ‘ಸಾಂಬಾರಿಗೆ ಆಗದು, ಅಕ್ವೇರಿಯಂಗೆ ಆದೀತು’ ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಮಗೆ ವಾಂತಿಯಾದರೆ ವೈದ್ಯರಿದ್ದಾರೆ, ಅವಕ್ಕೆ ಯಾರಿದ್ದಾರೆ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಲ್ಲುವುದರಿಂದ, ಮಳೆಗಾಲದ ಊಟವನ್ನು ನಾನು ಮೇ ಕೊನೆಯ ವಾರದಲ್ಲೇ ಮಾಡಿಟ್ಟುಕೊಳ್ಳುತ್ತೇನೆ. ಮೈನಸ್ 18 ಡಿಗ್ರಿಯಲ್ಲಿ ಎರಡು ತಿಂಗಳು ಚೆನ್ನಾಗಿರುತ್ತದೆ.

ಒಮ್ಮೆಗೆ ಕಾಲು ಕಿಲೋ ಸಾಕು: ಬೊಂಡಾಸ್ 100 ಗ್ರಾಂ, ಬೇಯಿಸಿದ ಸಿಗಡಿ 75, ಕಾಣೆ 50, ಮರುವಾಯಿ 25. ಜೊತೆಗೆ ಉಪ್ಪು, ಎಣ್ಣೆ, ಮಸಾಲೆ ಇಲ್ಲದ ಎರಡು ಹಾಳೆ ನೋರಿ ಎಂಬ ಕಡಲಸಸ್ಯವನ್ನು ನೆನೆಸಿ ಹರಿದು ಹಾಕಿ. ನಿಮ್ಮ ಸರ್ಜನ್ ಮೀನು ಮೂಲತಃ ಪಾಚಿ ಮೇಯುವ ಪ್ರಾಣಿ, ಅದಕ್ಕೆ ಮಾಂಸವೊಂದೇ ಸಾಲದು. ಬಂಡೆಗೆ ಕ್ಲಿಪ್ ಹಾಕಿ ಒಂದು ತುಂಡು ನೋರಿಯನ್ನು ದಿನವೂ ಬೇರೆಯಾಗಿ ಕೊಡಿ. ಎಲ್ಲವೂ ಹಿಡಿದುಕೊಳ್ಳಲು 100 ಮಿಲಿಲೀಟರ್ ನೀರಿಗೆ 2 ಗ್ರಾಂ ಚೈನಾ ಗ್ರಾಸ್ ಪುಡಿ ಹಾಕಿ ಎರಡು ನಿಮಿಷ ಕುದಿಸಿ. ಬೆರಳು ತಾಳುವಷ್ಟು ಬಿಸಿಗೆ ಇಳಿದ ಮೇಲೆ ಜೀವಸತ್ವದ ಹನಿ ಸೇರಿಸಿ, ಕೊಚ್ಚಿದ್ದರೊಂದಿಗೆ ಕಲಸಿ. ಕುದಿಯುವಾಗಲೇ ಸೇರಿಸಿದರೆ ಜೀವಸತ್ವ ನಾಶವಾಗುತ್ತದೆ. ಕೊಚ್ಚಿದ ಮಾಂಸ ಮಂಜಿನಂತೆ ತಣ್ಣಗಿದ್ದರೆ ಚೈನಾ ಗ್ರಾಸ್ ಮುಟ್ಟಿದಲ್ಲೇ ಗಂಟಾಗುತ್ತದೆ, ಹಾಗಾಗಿ ಹತ್ತು ನಿಮಿಷ ಹೊರಗಿಟ್ಟುಕೊಳ್ಳಿ.

ಐಸ್ ಟ್ರೇ ಏಕೆ ಬೇಡವೆಂದರೆ, ದಪ್ಪ ಗಡ್ಡೆ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ನಿಧಾನವಾದಷ್ಟೂ ಮಂಜಿನ ಹರಳು ದೊಡ್ಡದಾಗಿ ಮಾಂಸದ ಜೀವಕೋಶಗಳನ್ನು ಸೀಳುತ್ತದೆ, ಕರಗುವಾಗ ರಸವೆಲ್ಲ ಹೊರಬರುತ್ತದೆ. ಜಿಪ್ ಚೀಲದಲ್ಲಿ ನೀರುದೋಸೆಗಿಂತ ತುಸು ದಪ್ಪವಾಗಿ ಹರಡಿ, ಗಾಳಿ ಹೊರದೂಡಿ, ಚಾಕುವಿನ ಬೆನ್ನಿನಿಂದ ಚೌಕ ಗೆರೆ ಎಳೆದು, ಸ್ಟೀಲ್ ತಟ್ಟೆಯ ಮೇಲೆ ಫ್ರೀಜರಿನಲ್ಲಿಡಿ. ಬೇಕಾದಷ್ಟೇ ಮುರಿದುಕೊಳ್ಳಬಹುದು.

ಮುರಿದ ತುಂಡನ್ನು ಬಟ್ಟಲಿನಲ್ಲಿ ತೊಟ್ಟಿಯದೇ ನೀರಿಗೆ ಹಾಕಿ ಕರಗಿಸಿ, ಬಿಸಿನೀರು ಬೇಡ. ಟೀ ಸೋಸುವ ಜಾಲರಿಯಲ್ಲಿ ಬಸಿದು, ಸೋಸುವ ಕೆಳತೊಟ್ಟಿಯಿಂದ (ಸಂಪ್) ನೀರು ಮೇಲೆತ್ತುವ ಪಂಪನ್ನು ಹತ್ತು ನಿಮಿಷ ನಿಲ್ಲಿಸಿ ಹಾಕಿ. ಬಸಿದುಬಿಟ್ಟರೆ ಫಾಸ್ಫೇಟ್ ಹೋಯಿತೆಂದು ನೆಮ್ಮದಿಯಾಗಿರಬೇಡಿ. ಹೆಚ್ಚಿನದು ಮಾಂಸದೊಳಗೇ ಇರುತ್ತದೆ, ಆದ್ದರಿಂದ ಹಾಕುವ ಪ್ರಮಾಣವೇ ಮುಖ್ಯ. ಎರಡು ನಿಮಿಷದಲ್ಲಿ ಮುಗಿಯುವಷ್ಟನ್ನು ದಿನಕ್ಕೆ ಎರಡು ಬಾರಿ ಕೊಡಿ.

ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ. ಇದನ್ನು ನಾನು ಬೆಲೆತೆತ್ತು ಕಲಿತೆ. ಕೆಲವು ವರ್ಷಗಳ ಹಿಂದೆ ಜುಲೈ ಮಳೆಯಲ್ಲಿ ಒಂದು ಹಗಲು, ಒಂದು ರಾತ್ರಿ ವಿದ್ಯುತ್ ಇರಲಿಲ್ಲ. ಎರಡು ಕಿಲೋ ಆಹಾರ ಮೆತ್ತಗಾಗಿತ್ತು. ವಾಸನೆ ಬಂದಿಲ್ಲವಲ್ಲ ಎಂದು ಹಾಗೆಯೇ ಮತ್ತೆ ಗಟ್ಟಿಯಾಗಲು ಬಿಟ್ಟೆ. ವಾರದೊಳಗೆ ಆರು ವರ್ಷ ಜೊತೆಗಿದ್ದ ಹೆಣ್ಣು ಕ್ಲೌನ್ ಹೊಟ್ಟೆ ಉಬ್ಬಿ ಸತ್ತಿತು. ಅದರ ಗಂಡು ಕೆಲವು ದಿನ ಬಂಡೆಯ ಸಂದಿಯಿಂದ ಹೊರಬರಲಿಲ್ಲ. ಈಗ ಫ್ರೀಜರಿನಲ್ಲಿ ಒಂದು ಬಟ್ಟಲು ಮಂಜುಗಡ್ಡೆಯ ಮೇಲೆ ಒಂದು ನಾಣ್ಯ ಇಟ್ಟಿರುತ್ತೇನೆ. ಊರಿನಿಂದ ಬಂದಾಗ ನಾಣ್ಯ ತಳ ಸೇರಿದ್ದರೆ ಇದ್ದಬದ್ದ ಆಹಾರವನ್ನೆಲ್ಲ ತೆಂಗಿನ ಬುಡಕ್ಕೆ ಹೂಳುತ್ತೇನೆ.

ಪ್ರಶ್ನೆ: ನಾಲ್ಕು ತಿಂಗಳಿನಿಂದ ಫ್ರೋಜನ್ ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಮಾತ್ರ ಕೊಡುತ್ತಿದ್ದೇನೆ. ಮೀನುಗಳು ಆಸೆಯಿಂದ ತಿನ್ನುತ್ತವೆ, ಆದರೂ ಬೆನ್ನು ಸಣ್ಣಗಾಗಿದೆ.
– ಓದುಗರು, ಮೈಸೂರು

ಉತ್ತರ: ಆಸೆಯಿಂದ ತಿನ್ನುವುದೆಲ್ಲ ಮೈಗೆ ಹತ್ತುವುದಿಲ್ಲ. ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ ಮರಿಯಲ್ಲಿ ಅಂಡರಸದ ಸತ್ವವಿರುತ್ತದೆ, ಕೆಲವೇ ಗಂಟೆಗಳಲ್ಲಿ ಅದು ಕರಗಿಹೋಗುತ್ತದೆ. ಬೆಳೆದ ಆರ್ಟೀಮಿಯಾದಲ್ಲಿ ಹೆಚ್ಚಿನದು ನೀರೇ. ಮೈಸಿಸ್ ಸಿಗಡಿಗೆ ಬದಲಾಯಿಸಿ. ಮೊದಲ ವಾರ ಮೂರು ಪಾಲು ಹಳೆಯದು, ಒಂದು ಪಾಲು ಹೊಸದು ಬೆರೆಸಿ, ನಿಧಾನವಾಗಿ ಹೆಚ್ಚಿಸಿ. ಇಷ್ಟು ಸೊರಗಿದ ಮೀನಿಗೆ ದಿನಕ್ಕೆ ಮೂರು ಸಣ್ಣ ಊಟ ಕೊಡಿ.

ಪ್ರಶ್ನೆ: ಆಹಾರಕ್ಕೆ ಬೆಳ್ಳುಳ್ಳಿ ಸೇರಿಸಿದರೆ ಮೀನಿನ ಬಿಳಿಚುಕ್ಕೆ ವಾಸಿಯಾಗುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಮೀನಿನ ಬಿಳಿಚುಕ್ಕೆ ಪರೋಪಜೀವಿಯಿಂದ ಬರುವುದು, ಮೇಲೆ ಹೇಳಿದ ಸಿಗಡಿಯ ವೈರಸ್ ರೋಗ ಬೇರೆ. ಹಸಿವು ಕಳೆದುಕೊಂಡ ಮೀನು ಅದರ ವಾಸನೆಗೆ ಬಾಯಿ ತೆರೆಯಬಹುದು, ಅಷ್ಟೇ. ರೋಗವಿದ್ದರೆ ಬೇರೆ ತೊಟ್ಟಿಗೆ ಹಾಕಿ ಚಿಕಿತ್ಸೆ ಮಾಡಿ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಅತ್ತೆಯವರು ಫ್ರಿಜ್ಜಿನಲ್ಲಿ ಮೀನು ಇಡಲು ಒಪ್ಪುವುದಿಲ್ಲ. ಮಗ ಕ್ಲೌನ್ ಮೀನು ಸಾಕುತ್ತಿದ್ದಾನೆ.
– ಗೃಹಿಣಿ, ಶಿವಮೊಗ್ಗ

ಉತ್ತರ: ಅತ್ತೆಯವರ ಕಣ್ಣು ತಪ್ಪಿಸಿ ಇಡಬೇಡಿ, ಅದು ಅವರ ಅಡುಗೆಮನೆಯೂ ಹೌದು. ಕ್ಲೌನ್ ಮೀನು ಒಳ್ಳೆಯ ಒಣ ಗುಳಿಗೆಯನ್ನೇ ತಿಂದು ವರ್ಷಗಟ್ಟಲೆ ಬಾಳುತ್ತದೆ. ಗುಳಿಗೆಯಲ್ಲಿರುವುದೂ ಮೀನಿನ ಹಿಟ್ಟೇ ಎಂಬುದನ್ನು ಅವರಿಗೆ ಮೊದಲೇ ಹೇಳಿಬಿಡಿ. ಡಬ್ಬಿ ಮಗನ ಕೋಣೆಯಲ್ಲಿ, ಬಿಸಿಲು ತಾಗದ ಕಡೆ ಇರಲಿ. ಸಣ್ಣ ಡಬ್ಬಿ ಕೊಂಡು ತಾಜಾ ಇರುವಾಗಲೇ ಮುಗಿಸಿ. ಹಾಕುವ ಮೊದಲು ತೊಟ್ಟಿಯ ನೀರಿನಲ್ಲಿ ಒಂದು ನಿಮಿಷ ನೆನೆಸಿದರೆ ಮೆತ್ತಗಾಗಿ ತಳಕ್ಕಿಳಿಯುತ್ತದೆ.

ಪ್ರಶ್ನೆ: ನನ್ನ ಮಾವನ ಬಲೆಗೆ ಆಗಾಗ ಕಡಲಕುದುರೆ ಸಿಗುತ್ತದೆ. ಫ್ರೋಜನ್ ಮೈಸಿಸ್ ಹಾಕಿ ಸಾಕಬಹುದೇ?
– ವಿದ್ಯಾರ್ಥಿ, ಮಲ್ಪೆ

ಉತ್ತರ: ಬೇಡ ತಮ್ಮಾ. 2001ರಲ್ಲೇ ಕಡಲಕುದುರೆಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಲಾಗಿದೆ, ಹಿಡಿದಿಟ್ಟುಕೊಳ್ಳುವುದು ಅಪರಾಧ. ಕಾನೂನನ್ನು ಬದಿಗಿಟ್ಟು ನೋಡಿದರೂ, ಅದಕ್ಕೆ ಜಠರವೇ ಇಲ್ಲ. ತಿಂದದ್ದು ಬೇಗ ಹೊರಟುಹೋಗುವುದರಿಂದ ದಿನವಿಡೀ ತಿನ್ನುತ್ತಲೇ ಇರಬೇಕು. ಕಡಲಿನಿಂದ ಬಂದದ್ದು ಸತ್ತ ಆಹಾರವನ್ನು ಸುಲಭವಾಗಿ ಮುಟ್ಟುವುದೂ ಇಲ್ಲ, ತೊಟ್ಟಿ ತುಂಬ ಊಟವಿದ್ದರೂ ಹಸಿದು ಸಾಯುತ್ತದೆ. ಬಲೆ ಎಳೆದ ಕೂಡಲೇ, ದೋಣಿ ಇನ್ನೂ ಅಲ್ಲೇ ಇರುವಾಗ, ಅದನ್ನು ಬಿಡಿಸಿ ನೀರಿಗೆ ಹಾಕಲು ಮಾವನಿಗೆ ಹೇಳು.